ಗದ್ದೆಯ ಮೇಲಣ ಹಾರಾಟ: ಜಪಾನಿನ ಕೃಷಿ ವಿಮಾನಯಾನ ಸಂಘದ ಅರುವತ್ತು ವರ್ಷಗಳು

ಜಪಾನಿನ ಕೃಷಿ, ಅರಣ್ಯ ಮತ್ತು ಮತ್ಸ್ಯೋದ್ಯಮ ವಿಮಾನಯಾನ ಸಂಘವು 1962ನೆಯ ಇಸವಿಯಲ್ಲಿ ಸ್ಥಾಪಿತವಾಗಿ, 2022ಕ್ಕೆ ಅರುವತ್ತು ವರ್ಷಗಳನ್ನು ಪೂರೈಸಿತು. ಹೆಸರು ಉದ್ದವಾದರೂ ಅದರ ಕಾರ್ಯವನ್ನು ಎರಡೇ ಮಾತಿನಲ್ಲಿ ಹೇಳಬಹುದು: ಭತ್ತದ ಗದ್ದೆಗಳ ಮೇಲೆ ಹೆಲಿಕಾಪ್ಟರಿನಿಂದ ಔಷಧ ಸಿಂಪಡಿಸುವ ಕೆಲಸವನ್ನು ಒಂದು ಕ್ರಮಕ್ಕೆ ತರುವುದು, ಆ ಹೆಲಿಕಾಪ್ಟರನ್ನು ನಡೆಸತಕ್ಕವರನ್ನು ಸಿದ್ಧಗೊಳಿಸುವುದು. ನಮ್ಮಲ್ಲಿ ಡ್ರೋನಿನಿಂದ ಮದ್ದು ಹೊಡೆಯುವ ಕೆಲಸ ಈಗಷ್ಟೇ ಊರೂರಿಗೆ ಕಾಲಿಡುತ್ತಿರುವಾಗ, ಅದೇ ಹಾದಿಯನ್ನು ಬಹು ಹಿಂದೆಯೇ ತುಳಿದ ಒಂದು ಸಂಸ್ಥೆಯ ಚರಿತ್ರೆಗೆ ಈ ಸಂಚಿಕೆಯಲ್ಲಿ ಎಡೆ ದೊರೆತಿರುವುದು ಉಚಿತವೇ ಆಗಿದೆ. ಯಂತ್ರಗಳ ವರ್ಣನೆಯೇ ಇಂಥ ಲೇಖನಗಳಲ್ಲಿ ಹೆಚ್ಚಾಗಿ ತುಂಬಿಕೊಳ್ಳುವುದುಂಟು. ನನಗೆ ಈ ಸಂಸ್ಥೆಯಲ್ಲಿ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ: ತುಂಡುತುಂಡಾದ ಹಿಡುವಳಿಗಳ ನಾಡಿನಲ್ಲಿ, ಎಲ್ಲರಿಗೂ ಸೇರಿದ ಒಂದೇ ಆಕಾಶವನ್ನು ಸಾವಿರಾರು ಮಂದಿ ಬೇಸಾಯಗಾರರು ಹೇಗೆ ಹಂಚಿಕೊಂಡರೆಂಬುದು.

1946–1957: ಹಿನ್ನೆಲೆ

ಮಹಾಯುದ್ಧದಲ್ಲಿ ಸೋತು ಹಸಿವಿನಿಂದ ಕಂಗೆಟ್ಟಿದ್ದ ಜಪಾನಿನಲ್ಲಿ 1946ರಿಂದ ನಾಲ್ಕೈದು ವರ್ಷಗಳೊಳಗಾಗಿ ನಡೆದ ಭೂಸುಧಾರಣೆಯು ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ನ್ಯಾಯದ ದೃಷ್ಟಿಯಿಂದ ಅದು ಮಹತ್ತರವಾದ ಕಾರ್ಯ. ಆದರೆ ಸರಾಸರಿ ಒಂದು ಹೆಕ್ಟೇರಿನ ಆಸುಪಾಸಿನ ಹಿಡುವಳಿಯೂ, ಅದು ಕೂಡ ನಾಲ್ಕಾರು ಕಡೆ ಚದುರಿದ ಗದ್ದೆಗಳಾಗಿ ಇರುವುದೂ ಅಲ್ಲಿಯ ಬೇಸಾಯದ ಶಾಶ್ವತ ಲಕ್ಷಣವಾಯಿತು. ಆ ಗದ್ದೆಗಳಲ್ಲಿ ಎರಡು ಶತ್ರುಗಳ ಕಾಟ. ಒಂದು ಬೆಂಕಿರೋಗ, ಇನ್ನೊಂದು ಕಾಂಡಕೊರಕ. ತಂಪಾದ ಬೇಸಗೆಯಲ್ಲಿ ಮೋಡ ಮುಚ್ಚಿ, ಇಬ್ಬನಿ ಒಣಗದೆ ನಿಂತು, ಸಾರಜನಕದ ಗೊಬ್ಬರ ಹೆಚ್ಚಾಗಿ ಬಿದ್ದ ಪೈರು ಹುಲುಸಾಗಿ ಬೆಳೆದಿದ್ದರೆ, ಬೆಂಕಿರೋಗವು ಕೆಲವೇ ದಿನಗಳಲ್ಲಿ ಬಯಲನ್ನೇ ಕಂದಿಸಿಬಿಡಬಲ್ಲದೆಂಬುದನ್ನು ನಮ್ಮ ಮಲೆನಾಡಿನ ಭತ್ತದ ಬೇಸಾಯಗಾರರಿಗೆ ವಿವರಿಸಿ ಹೇಳಬೇಕಾಗಿಲ್ಲ. ಐವತ್ತರ ದಶಕದ ಮೊದಲಲ್ಲಿ ಪಾದರಸದ ಸಂಯುಕ್ತವನ್ನು ಸುಣ್ಣದೊಡನೆ ಬೆರೆಸಿದ ಪುಡಿ ಬೆಂಕಿರೋಗಕ್ಕೂ, ಪ್ಯಾರಾಥಿಯಾನ್ ಎಂಬ ಉಗ್ರವಿಷ ಕಾಂಡಕೊರಕಕ್ಕೂ ಮದ್ದಾಗಿ ಬಂದುವು. ಇಳುವರಿ ಏರಿತು. ಆದರೆ ಬೆನ್ನಿಗೆ ಸಿಂಪಡಿಸುವ ಯಂತ್ರವನ್ನು ಕಟ್ಟಿಕೊಂಡು, ಮೊಣಕಾಲುದ್ದ ಕೆಸರಿನಲ್ಲಿ, ಸೆಕೆಯಲ್ಲಿ, ತಾನೇ ಹೊಡೆದ ವಿಷದ ಮಂಜಿನೊಳಗೆ ಹೆಜ್ಜೆಯಿಕ್ಕುತ್ತಿದ್ದ ರೈತನ ಮೈಗೇ ಆ ವಿಷ ಮೊದಲು ತಗುಲುತ್ತಿತ್ತು. ಪ್ಯಾರಾಥಿಯಾನಿನಿಂದ ಮಡಿದವರೂ ಹಾಸಿಗೆ ಹಿಡಿದವರೂ ಅನೇಕರು.

ಅದೇ ಸಮಯದಲ್ಲಿ ಹಳ್ಳಿಗಳು ಬರಿದಾಗತೊಡಗಿದುವು. ಕಾರ್ಖಾನೆಗಳ ಕರೆಗೆ ಓಗೊಟ್ಟು ಯುವಕರು ನಗರಗಳಿಗೆ ಹೊರಟರು. ಗಂಡಸರು ಕೂಲಿಗೆ ಹೋದರು. ಗದ್ದೆಯಲ್ಲಿ ಉಳಿದವರು ಅಜ್ಜ, ಅಜ್ಜಿ ಮತ್ತು ಮನೆಯ ತಾಯಿ. ರೋಗವೇನೋ ಕಾಯುವುದಿಲ್ಲ, ಮದ್ದು ಹೊಡೆಯುವ ಕೈಗಳು ಮಾತ್ರ ಇಲ್ಲ.

ಹೆಲಿಕಾಪ್ಟರು ಜಪಾನಿಗೆ ಬಂದುದಾದರೂ ಆಗತಾನೆ. ಸೋತ ದೇಶಕ್ಕೆ ವಿಧಿಸಿದ್ದ ವಿಮಾನಯಾನದ ನಿಷೇಧವು ಸ್ಯಾನ್ ಫ್ರಾನ್ಸಿಸ್ಕೋ ಶಾಂತಿ ಒಪ್ಪಂದ ಜಾರಿಗೆ ಬಂದ 1952ರಲ್ಲಿ ಸಡಿಲಗೊಂಡಿತು. ಇಂದು ಜಗದ್ವಿಖ್ಯಾತವಾದ ಆಲ್ ನಿಪ್ಪಾನ್ ಏರ್‌ವೇಸ್ ಆ ವರ್ಷವೇ ಹೆಲಿಕಾಪ್ಟರ್ ಸಾಗಣೆಯ ಒಂದು ಚಿಕ್ಕ ಕಂಪನಿಯಾಗಿ ಜನ್ಮತಾಳಿದುದು. ಅದರ ವಿಮಾನಗಳ ಸಂಕೇತಾಕ್ಷರಗಳಲ್ಲಿ ಆ ಹಳೆಯ ಹೆಸರು ಈಗಲೂ ಉಳಿದುಕೊಂಡಿದೆ. ಕಾವಾಸಾಕಿ ಸಂಸ್ಥೆಯು ಅಮೆರಿಕದ ಬೆಲ್ 47 ಹೆಲಿಕಾಪ್ಟರನ್ನು ಪರವಾನಗಿಯ ಮೇರೆಗೆ ದೇಶದಲ್ಲೇ ಕಟ್ಟತೊಡಗಿತು. ಗಾಜಿನ ಗುಳ್ಳೆಯಂಥ ಮುಂಭಾಗದ, ಬರಿಯ ಕಂಬಿಗಳ ಬಾಲದ ಆ ಯಂತ್ರವು ಮುಂದೆ ಇಪ್ಪತ್ತು ವರ್ಷ ಜಪಾನಿನ ಗದ್ದೆಗಳ ಮೇಲೆ ನಿತ್ಯಪರಿಚಿತ ದೃಶ್ಯವಾಯಿತು.

1958–1962: ಸ್ಥಾಪನೆ

ಭತ್ತದ ಮೇಲೆ ಹೆಲಿಕಾಪ್ಟರಿನಿಂದ ಔಷಧ ಹಾಕುವ ಕಾರ್ಯ ಪ್ರಯೋಗದ ಹಂತವನ್ನು ದಾಟಿ ಬಳಕೆಗೆ ಬಂದುದು 1958ರಲ್ಲಿ. ಅಮೆರಿಕದ ವಿಶಾಲ ಬಯಲುಗಳಲ್ಲಿ ರೆಕ್ಕೆಯ ವಿಮಾನವೇ ಇದಕ್ಕೆ ಸಾಕಾಗಿತ್ತು. ಜಪಾನಿನಲ್ಲಿ ಹಾಗಲ್ಲ: ಬೆಟ್ಟಗಳ ನಡುವೆ ನುಸುಳಿದ ಕಣಿವೆಗಳಲ್ಲಿ ಗದ್ದೆ, ಅದರ ಅಂಚಿಗೇ ಊರು, ಎಲ್ಲೆಡೆಯೂ ವಿದ್ಯುತ್ತಿನ ತಂತಿ. ವಿಮಾನಕ್ಕೆ ಓಡುದಾರಿ ಬೇಕು. ಹೆಲಿಕಾಪ್ಟರಿಗೆ ಹೊಳೆದಂಡೆಯ ಮರಳೋ, ಶಾಲೆಯ ಬಯಲೋ ಸಾಕು. ಅಲ್ಲದೆ ತಿರುಗುವ ಅಲಗುಗಳು ಕೆಳಮುಖವಾಗಿ ತಳ್ಳುವ ಗಾಳಿಯು ಪೈರನ್ನು ಅಲುಗಿಸಿ ಹೊರಳಿಸುವುದರಿಂದ, ಔಷಧವು ಎಲೆಯ ಮೇಲಷ್ಟೇ ಅಲ್ಲದೆ ಬುಡದ ಕಡೆಗೂ ಇಳಿಯುತ್ತದೆ. ಹೆಲಿಕಾಪ್ಟರು ನಿಧಾನವಾಗಿ ಹಾರಿದಷ್ಟೂ ಈ ಗುಣ ಹೆಚ್ಚು.

ಆದರೆ ಮೊದಲ ಬೇಸಗೆಗಳಲ್ಲೇ ಒಂದು ತೊಡಕು ಸ್ಪಷ್ಟವಾಯಿತು. ಬೆನ್ನಿನ ಯಂತ್ರದಿಂದ ಹೊಡೆಯುವವನು ತನ್ನ ಗದ್ದೆಗೆ ಮಾತ್ರ ಹೊಡೆಯಬಹುದು. ಆಕಾಶದಿಂದ ಸುರಿಯುವ ಮದ್ದು ಬದುವನ್ನು ಅರಿಯದು. ನೂರು ಮನೆಗಳ ಗದ್ದೆಗಳು ಹೆಣೆದುಕೊಂಡಿರುವ ಬಯಲಿನ ಮೇಲೆ ಹಾರಬೇಕಾದರೆ, ಆ ನೂರು ಮನೆಗಳೂ ಒಂದೇ ಔಷಧಕ್ಕೆ, ಒಂದೇ ದಿನಕ್ಕೆ, ಒಂದೇ ದರಕ್ಕೆ ಒಪ್ಪಬೇಕು. ಒಬ್ಬನ ಪೈರು ಹೊಡೆ ಬಿಡುತ್ತಿರುವಾಗ ಇನ್ನೊಬ್ಬನದು ತೆಂಡೆಯೊಡೆಯುತ್ತಿದ್ದರೆ ನಡೆಯದು. ಆದುದರಿಂದ ತಳಿಯಲ್ಲಿಯೂ ನಾಟಿಯ ಕಾಲದಲ್ಲಿಯೂ ಹೊಂದಾಣಿಕೆ ಬೇಕು. ಇನ್ನು ದೇಶದ ಮಟ್ಟದಲ್ಲಿ ನೋಡಿದರೆ, ಇದ್ದ ಹೆಲಿಕಾಪ್ಟರುಗಳು ಕೆಲವು. ಅವೆಲ್ಲವನ್ನೂ ಎಲ್ಲ ಜಿಲ್ಲೆಗಳೂ ಬೇಡುವುದು ಬೇಸಗೆಯ ಅವೇ ಕೆಲವು ವಾರಗಳಲ್ಲಿ. ಊರಿನ ಮಟ್ಟದ ಒಪ್ಪಂದವನ್ನು ಸಹಕಾರ ಸಂಘಗಳು ನೋಡಿಕೊಂಡುವು. ಜಪಾನಿನ ಗ್ರಾಮೀಣ ಸಹಕಾರ ಪದ್ಧತಿಯ ಬಲವೇನೆಂಬುದು ಇಲ್ಲಿ ಪ್ರಕಟವಾಯಿತೆಂದು ನಾನು ಭಾವಿಸುತ್ತೇನೆ. ಕೆರೆಯ ನೀರನ್ನು ಸರದಿಯ ಮೇಲೆ ಹರಿಸಿಕೊಂಡು ಬಾಳಿದ ಜನರಿಗೆ ಹೆಲಿಕಾಪ್ಟರಿನ ಸರದಿ ತೀರ ಹೊಸದಾಗಿ ತೋರಿರಲಾರದು. ದೇಶದ ಮಟ್ಟದ ಹಂಚಿಕೆಗೆ ಮಾತ್ರ ಯಾವ ವ್ಯವಸ್ಥೆಯೂ ಇರಲಿಲ್ಲ. ಸರ್ಕಾರದ ಕೃಷಿ ಖಾತೆಯ ಪ್ರೋತ್ಸಾಹದಿಂದ, ಬೇಸಾಯಗಾರರ ಸಂಘಟನೆಗಳೂ ಹಾರಾಟದ ಕಂಪನಿಗಳೂ ಔಷಧ ತಯಾರಕರೂ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳಲು ಆಗುವಂಥ ಒಂದು ಸಾರ್ವಜನಿಕ ಸಂಘವು 1962ರಲ್ಲಿ ಏರ್ಪಟ್ಟುದು ಈ ಕೊರತೆಯನ್ನು ತುಂಬುವುದಕ್ಕಾಗಿ. ಕಾವಾಸಾಕಿಯು ಬೆಲ್ 47ನ್ನು ತಿದ್ದಿ, ನಾಲ್ವರು ಕೂರುವಂತೆ ಹಿಗ್ಗಿಸಿದ ಕೆಎಚ್-4 ಎಂಬ ಸ್ವದೇಶೀ ರೂಪವನ್ನು ಮೊದಲಸಲ ಹಾರಿಸಿದುದೂ ಆ ವರ್ಷದ ಆಗಸ್ಟಿನಲ್ಲೇ.

ಮೇಜಿನ ಸುತ್ತ ಕುಳಿತವರ ಹಿತಗಳೆಲ್ಲ ಒಂದೇ ಆಗಿರುವುದು ಸಾಧ್ಯವಿರಲಿಲ್ಲ. ಕಂಪನಿಗೆ ವರ್ಷವಿಡೀ ಕೆಲಸ ಬೇಕು, ರೈತನಿಗೆ ಎರಡು ಮುಂಜಾವು ಸಾಕು. ದರದ ವಿಷಯದಲ್ಲಿ, ಯಾವ ಜಿಲ್ಲೆಗೆ ಮೊದಲ ಪಾಳಿಯೆಂಬ ವಿಷಯದಲ್ಲಿ ಅಭಿಪ್ರಾಯಭೇದಗಳಿಗೆ ಅವಕಾಶವಿದ್ದೇ ಇತ್ತು. ಅವು ಸಂಘವನ್ನು ಮುರಿಯುವವರೆಗೆ ಬೆಳೆಯಲಿಲ್ಲವೆಂಬುದೇ ಇಲ್ಲಿ ಹೇಳಬೇಕಾದ ಮಾತು.

1962–1970: ವಿಸ್ತಾರ

ಹಂಚಿಕೆಯ ಸೂತ್ರವನ್ನು ಪ್ರಕೃತಿಯೇ ಒದಗಿಸಿಕೊಟ್ಟಿತು. ಜಪಾನು ದಕ್ಷಿಣೋತ್ತರವಾಗಿ ಬಹುದೂರ ಚಾಚಿಕೊಂಡಿರುವ ದ್ವೀಪಮಾಲೆಯಾದುದರಿಂದ, ಭತ್ತದ ಬೆಳವಣಿಗೆಯ ಹಂತಗಳು ಎಲ್ಲೆಡೆಯೂ ಒಂದೇ ವಾರದಲ್ಲಿ ಬೀಳುವುದಿಲ್ಲ. ಒಂದು ಸೀಮೆಯ ಕೆಲಸ ಮುಗಿಸಿದ ಹೆಲಿಕಾಪ್ಟರು ಇನ್ನೊಂದು ಸೀಮೆಗೆ ಸಾಗುವಂತೆ ವೇಳಾಪಟ್ಟಿಯನ್ನು ಹೆಣೆಯುವುದು ಸಂಘದ ವಾರ್ಷಿಕ ಕರ್ತವ್ಯವಾಯಿತು. ಮಳೆ ಹಿಡಿದರೆ, ರೋಗ ಬೇಗನೆ ಹತ್ತಿದರೆ, ಇಡೀ ಪಟ್ಟಿಯನ್ನು ಮತ್ತೆ ಹೆಣೆಯಬೇಕು.

ಒಂದು ದಿನದ ಕೆಲಸದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತರಬೇತಿಯ ಅಗತ್ಯವೆಲ್ಲ ಅದರಿಂದಲೇ ಹುಟ್ಟಿದುದು. ಹಾರಾಟವು ಬೆಳಗಿನ ನಸುಕಿನಲ್ಲೇ ಆರಂಭವಾಗುವುದು. ಬಿಸಿಲೇರಿ ನೆಲ ಕಾದು ಗಾಳಿ ಮೇಲಕ್ಕೇಳತೊಡಗಿದರೆ ಔಷಧವು ಪೈರಿಗಿಳಿಯದೆ ತೇಲಿಹೋಗುವುದು. ಹಿಂದಿನ ದಿನವೇ ಚಾಲಕನು ಆ ಬಯಲನ್ನೆಲ್ಲ ನೆಲದ ಮೇಲೆ ಸುತ್ತಿ ನೋಡಿ, ತಂತಿಗಳೆಲ್ಲಿ, ಕಂಬಗಳೆಲ್ಲಿ, ಶಾಲೆಯೆಲ್ಲಿ, ಜೇನುಪೆಟ್ಟಿಗೆಗಳೆಲ್ಲಿ, ಮೀನಿನ ಕೊಳವೆಲ್ಲಿ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಬೇಕು. ಗದ್ದೆಗಳ ಎಲ್ಲೆಗೆ ಬಾವುಟಗಳನ್ನು ನೆಡಿಸಬೇಕು. ಬೆಳಿಗ್ಗೆ ಪೈರಿನಿಂದ ಹತ್ತು ಮೀಟರಿನಷ್ಟು ಎತ್ತರದಲ್ಲಿ, ಬಯಲಿನ ಅಂಚಿನಿಂದ ಅಂಚಿಗೆ, ಹಿಂದಿನ ಪಟ್ಟಿಗೆ ಒತ್ತಿಕೊಂಡಂತೆ ಮುಂದಿನ ಪಟ್ಟಿ ಬರುವ ಹಾಗೆ ಹೋಗಿಬರುತ್ತಿರಬೇಕು. ಅಂಚಿನಲ್ಲಿ ತಿರುಗುವ ಕ್ಷಣವೇ ಕಠಿಣವಾದುದು: ವೇಗ ಕಡಮೆಯಾಗಿರುತ್ತದೆ, ತೊಟ್ಟಿ ತುಂಬಿ ಭಾರವಿರುತ್ತದೆ, ಉದಯಸೂರ್ಯನ ಕಿರಣ ನೇರವಾಗಿ ಕಣ್ಣಿಗೆ ಹೊಡೆಯುತ್ತಿರುತ್ತದೆ, ಎದುರಿಗೆ ತಂತಿ ಇರುತ್ತದೆ. ಕಂಬ ಕಾಣುವುದು, ಕಂಬಗಳ ನಡುವಣ ತಂತಿ ಕಾಣದು. ಕೃಷಿ ಹಾರಾಟದ ಅಪಘಾತಗಳಲ್ಲಿ ತಂತಿಯದು ಬಹು ದೊಡ್ಡ ಪಾಲು.

ಸಾಮಾನ್ಯ ವಿಮಾನಚಾಲಕನ ಪರವಾನಗಿ ಈ ವಿದ್ಯೆಯನ್ನು ಕಲಿಸಲಾರದು. ಅವನಿಗೆ ಎತ್ತರವೆಂದರೆ ಸುರಕ್ಷಿತತೆ. ಇವನಿಗೆ ಎತ್ತರವೆಂದರೆ ಔಷಧದ ಅಪವ್ಯಯ. ಅಲ್ಲದೆ ಇವನಿಗೆ ಪೈರಿನ ಹಂತವೂ, ರೋಗದ ಸ್ವಭಾವವೂ, ಔಷಧದ ವಿಷಪ್ರಮಾಣವೂ, ಹನಿಯ ಗಾತ್ರ ಕಿರಿದಾದಷ್ಟೂ ಗಾಳಿಯಲ್ಲಿ ತೇಲಿ ದೂರಕ್ಕೆ ಹೋಗುತ್ತದೆಂಬ ಸೂಕ್ಷ್ಮವೂ ತಿಳಿದಿರಬೇಕು. ವಾಯುವಿದ್ಯೆಯನ್ನೂ ಸಸ್ಯರೋಗವಿದ್ಯೆಯನ್ನೂ ಒಬ್ಬನೇ ಮನುಷ್ಯನಲ್ಲಿ ಕೂಡಿಸುವ ಈ ಶಿಕ್ಷಣವು ಸಂಘದ ಕಾರ್ಯಗಳಲ್ಲೆಲ್ಲ ನನಗೆ ಅತ್ಯಂತ ಗೌರವಾರ್ಹವಾಗಿ ತೋರುತ್ತದೆ. ನಾಗಾನೊ ಪ್ರಾಂತದ ಉಯೆದಾ ನಗರದಲ್ಲಿ ಸಂಘವು ನಡೆಸಿಕೊಂಡು ಬಂದ ಕೃಷಿ ವಿಮಾನಯಾನ ತಾಂತ್ರಿಕ ಕೇಂದ್ರವು ಯಂತ್ರಗಳ ಪರೀಕ್ಷೆಗೂ ಸಿಂಪಡಣೆಯ ಸಂಶೋಧನೆಗೂ ನೆಲೆಯಾಯಿತು. ಆಡಳಿತ ಕಚೇರಿ ತೋಕಿಯೋದಲ್ಲಿದ್ದರೂ ಸಂಸ್ಥೆಯ ಜೀವಾಳ ಬೆಟ್ಟಗಳ ನಡುವಣ ಈ ಕೇಂದ್ರವೆಂದೇ ಹೇಳಬೇಕು. ಉಯೆದಾ ಪುರಾತನವಾದ ರೇಷ್ಮೆಯ ಊರು. ರೇಷ್ಮೆ ಕೃಷಿಗೆಂದೇ 1910ರಲ್ಲಿ ಅಲ್ಲೊಂದು ಉನ್ನತ ವಿದ್ಯಾಲಯ ಹುಟ್ಟಿತ್ತು. ಭತ್ತದ ಮೇಲೆ ಬಿದ್ದ ಮದ್ದು ಗಾಳಿಯಲ್ಲಿ ತೇಲಿ ನೆರೆಯ ಹಿಪ್ಪುನೇರಳೆಯ ಸೊಪ್ಪಿಗೆ ತಗುಲಿದರೆ, ಆ ಸೊಪ್ಪನ್ನು ತಿಂದ ಹುಳುಗಳು ತಟ್ಟೆತಟ್ಟೆಯಾಗಿ ಸಾಯುವುವೆಂಬುದು ರಾಮನಗರ, ಶಿಡ್ಲಘಟ್ಟಗಳ ರೈತರಿಗೆ ಹೇಗೋ ಹಾಗೆ ಅಲ್ಲಿಯವರಿಗೂ ಗೊತ್ತು. ಸಿಂಪಡಣೆಯ ವಿದ್ಯೆಯನ್ನು ಅಭ್ಯಸಿಸುವುದಕ್ಕೆ ಇಂಥ ಊರಿಗಿಂತ ಎಚ್ಚರವನ್ನು ಕಲಿಸುವ ಸ್ಥಳ ಬೇರೊಂದಿರಲಾರದು.

ಔಷಧಗಳ ಸ್ವರೂಪವೂ ಈ ದಶಕದಲ್ಲಿ ಬದಲಾಯಿತು. ನಾರಾದ ಕಾಸುಗಾ ದೇವಾಲಯದ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯಿಂದ ಹಾಮಾವೊ ಉಮೆಜಾವಾ ಅವರ ತಂಡವು ಪಡೆದ ಕಾಸುಗಾಮೈಸಿನ್ ಎಂಬ ಪ್ರತಿಜೈವಿಕವು 1965ರಲ್ಲಿ ಬೆಂಕಿರೋಗದ ಮದ್ದಾಗಿ ಪೇಟೆಗೆ ಬಂದಿತು. ಪಾದರಸದ ಪುಡಿಯು ದಶಕದ ಅಂತ್ಯದ ವೇಳೆಗೆ ಗದ್ದೆಯನ್ನು ಬಿಟ್ಟಿತು. ಪ್ಯಾರಾಥಿಯಾನ್ 1971ರಲ್ಲಿ ನಿಷಿದ್ಧವಾಯಿತು. ಹೆಕ್ಟೇರಿಗೆ ಮೂವತ್ತು ಕಿಲೋ ಪುಡಿಯನ್ನೋ ಮೂವತ್ತು ಲೀಟರ್ ದ್ರಾವಣವನ್ನೋ ಹೊತ್ತು ಹಾರುತ್ತಿದ್ದ ಪದ್ಧತಿ ಹೋಗಿ, ಸಾಂದ್ರವಾದ ದ್ರಾವಣವನ್ನು ಹೆಕ್ಟೇರಿಗೆ ಎಂಟೇ ಲೀಟರ್ ಸಿಂಪಡಿಸುವ ಪದ್ಧತಿ ಮೆಲ್ಲಮೆಲ್ಲನೆ ರೂಢಿಗೆ ಬಂದಿತು.

1970–1980: ಪರೀಕ್ಷೆಯ ಕಾಲ

ಅಕ್ಕಿಯ ಕೊರತೆಯಿದ್ದ ದೇಶದಲ್ಲಿ ಅಕ್ಕಿ ಹೆಚ್ಚಾಯಿತು. 1970ರ ಸುಮಾರಿನಿಂದ ಸರ್ಕಾರವು ಭತ್ತದ ವಿಸ್ತೀರ್ಣವನ್ನು ತಗ್ಗಿಸುವ ನೀತಿಯನ್ನು ಹಿಡಿಯಿತು. ಇದರ ಪರಿಣಾಮ ಹೆಲಿಕಾಪ್ಟರಿನ ಮೇಲೆ ಯಾರೂ ಎಣಿಸದ ರೀತಿಯಲ್ಲಿ ಆಯಿತು: ಹಿಂದೆ ಭತ್ತವೊಂದೇ ಇದ್ದ ಬಯಲಿನಲ್ಲಿ ಈಗ ನಡುನಡುವೆ ಸೋಯಾ, ಗೋಧಿ, ತರಕಾರಿಗಳ ಮಡಿಗಳು ಎದ್ದುವು. ಮೇಲಿನಿಂದ ಒಂದೇ ಸಮನೆ ಹಾಕುವ ಔಷಧಕ್ಕೆ ಈ ಚೌಕುಳಿ ಬಯಲು ಒಗ್ಗದು. ನಗರಗಳು ಗದ್ದೆಗಳ ನಡುವಿಗೇ ಚಾಚಿ ಬಂದುವು; ಮುಂಜಾವಿನ ಸದ್ದು, ಅಂಗಳದ ಬಟ್ಟೆಯ ಮೇಲೆ ಬೀಳುವ ಹನಿ, ಶಾಲೆಗೆ ಹೋಗುವ ಮಕ್ಕಳು, ಇವೆಲ್ಲ ದೂರಿಗೆ ಕಾರಣವಾದುವು. ಸಂಘವು ಹಾರಾಟದ ಹೊತ್ತನ್ನೂ ಎಲ್ಲೆಯನ್ನೂ ಬಿಗಿಗೊಳಿಸಿತು. ಮುಂಚಿತವಾಗಿ ಊರಿಗೆಲ್ಲ ತಿಳಿಸುವ ಪದ್ಧತಿ ಬಲವಾಯಿತು.

ಅರಣ್ಯದ ಕೆಲಸದಲ್ಲಿ ಭಿನ್ನಾಭಿಪ್ರಾಯ ಇನ್ನೂ ತೀವ್ರವಾಗಿತ್ತು. ಪೈನ್ ಮರಗಳು ಗುಂಪುಗುಂಪಾಗಿ ಒಣಗುವುದಕ್ಕೆ ಕಾರಣ, ದುಂಬಿಯೊಂದು ಹೊತ್ತು ತರುವ ಜಂತುಹುಳುವೆಂದು 1971ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಆ ದುಂಬಿಯ ಮೇಲೆ ವೈಮಾನಿಕವಾಗಿ ಕೀಟನಾಶಕ ಸಿಂಪಡಿಸಲು 1977ರಲ್ಲಿ ವಿಶೇಷ ಕಾನೂನೇ ಬಂದಿತು. ಅದಕ್ಕೆ ಪ್ರತಿರೋಧವೂ ಬಂದಿತು.

ಇಲ್ಲಿ ನಮ್ಮ ಕಡೆಯ ಒಂದು ನೆನಪನ್ನು ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕವಾದೀತು. ಹೆಲಿಕಾಪ್ಟರಿನ ಸಿಂಪಡಣೆಯೆಂದೊಡನೆ ಕರಾವಳಿಯ ಕನ್ನಡಿಗರ ಮನಸ್ಸಿಗೆ ಬರುವುದು ಕಾಸರಗೋಡಿನ ಗೇರುತೋಟಗಳು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿಯ ಸರ್ಕಾರೀ ಗೇರುಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಗುಡ್ಡದ ನೆತ್ತಿಯ ಮೇಲೆ ಬಿದ್ದುದು ಸುರಂಗದ ನೀರಿಗೂ ತೋಡಿನ ನೀರಿಗೂ ಇಳಿಯುವ ಸೀಮೆಯದು. ಎಣ್ಮಕಜೆಯ ಪಡ್ರೆಯಂಥ ಊರುಗಳು ಪಟ್ಟ ಪಾಡು ಲೋಕವಿದಿತವಾದುದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶಾದ್ಯಂತ ತಡೆಹಿಡಿಯಿತು. ಜಪಾನಿನಲ್ಲಿ ಎಲ್ಲವೂ ನಿರ್ದೋಷವಾಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಗದ್ದೆಯ ಒಡೆಯನೇ ಸಿಂಪಡಣೆಯ ಒಪ್ಪಂದಕ್ಕೆ ಸಹಿ ಹಾಕುವವನೂ, ಅದೇ ಗದ್ದೆಯ ಬದಿಯಲ್ಲಿ ವಾಸಿಸುವವನೂ ಆಗಿದ್ದನೆಂಬ ಒಂದು ವ್ಯತ್ಯಾಸ ಚಿಕ್ಕದಲ್ಲ.

1980–1991: ಚಾಲಕನು ನೆಲಕ್ಕಿಳಿದುದು

ದೊಡ್ಡ ಹೆಲಿಕಾಪ್ಟರು ಹೋಗಲಾರದ ಚೌಕುಳಿ ಬಯಲಿಗೆ ಚಿಕ್ಕದೊಂದು ಬೇಕು. ಚಿಕ್ಕದರಲ್ಲಿ ಮನುಷ್ಯನಿಗೆ ಸ್ಥಳವಿಲ್ಲ. ಆದುದರಿಂದ ಮನುಷ್ಯನು ನೆಲದ ಮೇಲೆ ನಿಂತೇ ಅದನ್ನು ನಡೆಸಬೇಕು. ಈ ಸರಳವಾದ ತರ್ಕದಿಂದ ಸಂಘವು 1980ರಲ್ಲಿ ದೂರನಿಯಂತ್ರಿತ ಸಿಂಪಡಣಾ ಯಂತ್ರದ ಯೋಜನೆಯನ್ನು ಕೈಗೊಂಡಿತು. ಒಂದೇ ಕಂಬಕ್ಕೆ ಎದುರುಬದುರಾಗಿ ತಿರುಗುವ ಎರಡು ರೋಟರುಗಳಿದ್ದ ಆ ಮೊದಲ ವಿನ್ಯಾಸವು ಪ್ರಯೋಗದಲ್ಲೇ ನಿಂತಿತು. 1988ರಲ್ಲಿ ಅದನ್ನು ಕೈಬಿಡಲಾಯಿತು. ಆದರೆ ಸಂಘದ ಕೋರಿಕೆಯಂತೆ 1983ರಿಂದ ಈ ಕಾರ್ಯಕ್ಕೆ ಕೈಹಾಕಿದ್ದ ಯಮಾಹಾ ಸಂಸ್ಥೆಯು, ಬೇರೆ ವಿನ್ಯಾಸವನ್ನು ಹಿಡಿದು, ಇಪ್ಪತ್ತು ಕಿಲೋ ಭಾರ ಹೊರಬಲ್ಲ ಆರ್-50 ಎಂಬ ಮಾನವರಹಿತ ಹೆಲಿಕಾಪ್ಟರನ್ನು 1987ರಲ್ಲಿ ಸಿದ್ಧಪಡಿಸಿತು. ಮೋಟಾರುಸೈಕಲ್ಲಿನ ಪುಟ್ಟ ಎಂಜಿನುಗಳಲ್ಲಿ ಪಳಗಿದ ಕೈಗಳಿಗೆ ಇದು ಒಲಿದುದು ಸಹಜವೇ.

1991ರಲ್ಲಿ ಕೃಷಿ ಸಚಿವಾಲಯವು ಮಾನವರಹಿತ ಹೆಲಿಕಾಪ್ಟರಿನ ಬಳಕೆಗೆ ಮಾರ್ಗಸೂಚಿಯನ್ನು ಹೊರಡಿಸಿತು. ಯಂತ್ರವು ಅಂಗೀಕೃತವಾಗಿರಬೇಕು, ನಡೆಸುವವನು ಸಂಘದ ಅರ್ಹತಾಪತ್ರವನ್ನು ಪಡೆದಿರಬೇಕು ಎಂಬ ನಿಯಮಗಳಿಂದ ಸಂಘದ ಗುರಿಯೇ ಹೊರಳಿತು: ಹೆಲಿಕಾಪ್ಟರುಗಳನ್ನು ಜಿಲ್ಲೆಗಳಿಗೆ ಹಂಚುತ್ತಿದ್ದ ಸಂಸ್ಥೆಯು ಸಾವಿರಾರು ಮಂದಿ ರೈತಚಾಲಕರ ಪರೀಕ್ಷಾಮಂಡಲಿಯಾಯಿತು.

1991–2015: ರೈತನೇ ಚಾಲಕ

ಈ ಚಾಲಕನು ಕಲಿಯಬೇಕಾದುದು ಹಳೆಯವನದಕ್ಕಿಂತ ಕಡಮೆಯೇನಲ್ಲ. ಯಂತ್ರದೊಳಗೆ ಕುಳಿತವನಿಗೆ ಎಡವು ಯಾವಾಗಲೂ ಎಡವೇ. ಬದುವಿನ ಮೇಲೆ ನಿಂತವನಿಗೆ ಯಂತ್ರವು ತನ್ನ ಕಡೆಗೆ ಮುಖಮಾಡಿದೊಡನೆ ಎಡಬಲಗಳು ಅದಲುಬದಲಾಗುವುವು. ಆ ಕ್ಷಣದಲ್ಲಿ ಕೈ ತಾನಾಗಿಯೇ ಸರಿಯಾದ ದಿಕ್ಕಿಗೆ ಹೋಗುವವರೆಗೂ ಅಭ್ಯಾಸ ಸಾಗಬೇಕು. ನೂರು ಮೀಟರ್ ಆಚೆಗೆ ಹೋದ ಯಂತ್ರವು ಬದುವಿನ ಅಂಚನ್ನು ಮುಟ್ಟಿತೋ ದಾಟಿತೋ ಎಂಬುದು ಕಣ್ಣಿಗೆ ತಿಳಿಯದು. ಅದಕ್ಕಾಗಿ ಎದುರು ಬದಿಯಲ್ಲಿ ಸಂಕೇತ ಕೊಡುವ ಜೊತೆಗಾರನೊಬ್ಬನು ರೇಡಿಯೋ ಹಿಡಿದು ನಿಲ್ಲಬೇಕು. ಪೈರಿನ ಮೇಲೆ ಮೂರು ನಾಲ್ಕು ಮೀಟರ್ ಎತ್ತರ, ಒಂದೇ ವೇಗ, ಗಾಳಿ ಎದ್ದರೆ ಕೆಲಸ ಬಂದ್. ಹಳ್ಳಿಯ ಸಹಕಾರ ಸಂಘದವರೂ, ಗುತ್ತಿಗೆಯ ಮೇಲೆ ನೆರೆಯವರ ಗದ್ದೆ ನೋಡಿಕೊಳ್ಳುವ ತರುಣರೂ, ಯಂತ್ರ ಮಾರುವ ಸಂಸ್ಥೆಗಳ ಶಿಕ್ಷಣ ಕೇಂದ್ರಗಳಲ್ಲಿ ಕಲಿತು, ಸಂಘದ ಅರ್ಹತಾಪತ್ರವನ್ನು ಪಡೆದು ಹೊರಟರು.

1997ರಲ್ಲಿ ಯಮಾಹಾದ ಆರ್‌ಮ್ಯಾಕ್ಸ್ ಬಂದಿತು: ಎರಡು ಸಿಲಿಂಡರುಗಳ 246 ಸಿಸಿ ಎಂಜಿನು, ಮೂರು ಮೀಟರಿಗೂ ಮಿಗಿಲಾದ ರೋಟರು, ಎರಡು ಪಕ್ಕಗಳಲ್ಲೂ ಎಂಟೆಂಟು ಲೀಟರಿನ ತೊಟ್ಟಿ. ಹೆಕ್ಟೇರಿಗೆ ಎಂಟು ಲೀಟರೆಂಬ ಪ್ರಮಾಣ ಮೊದಲೇ ರೂಢಿಗೆ ಬಂದಿದ್ದುದರಿಂದ, ಒಂದು ಹಾರಾಟದಲ್ಲಿ ಎರಡು ಹೆಕ್ಟೇರು ಮುಗಿಯುವಂತಾಯಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲೇ ಮಾನವರಹಿತ ಹೆಲಿಕಾಪ್ಟರಿನ ಕೆಲಸವು ದೊಡ್ಡ ಹೆಲಿಕಾಪ್ಟರಿನದನ್ನು ಮೀರಿಸಿತು. ಮುಂದಿನ ದಶಕದಲ್ಲಿ ಸುಮಾರು ಎರಡೂವರೆ ಸಾವಿರ ಯಂತ್ರಗಳು ವರ್ಷಕ್ಕೆ ಹತ್ತು ಲಕ್ಷ ಹೆಕ್ಟೇರಿನ ಸುತ್ತಮುತ್ತ ಸಿಂಪಡಿಸುತ್ತಿದ್ದುವು. 2006ರಲ್ಲಿ ಆಹಾರದಲ್ಲಿ ಉಳಿಯುವ ಔಷಧಾಂಶಕ್ಕೆ ಕಟ್ಟುನಿಟ್ಟಾದ ಹೊಸ ಪದ್ಧತಿ ಬಂದು, ನೆರೆಯ ಬೆಳೆಗೆ ಹನಿ ತೇಲಿಬೀಳುವುದೇ ಅಪರಾಧಪ್ರಾಯವಾದಾಗ, ನೆಲಕ್ಕೆ ಹತ್ತಿರ ಹಾರುವ ಚಿಕ್ಕ ಯಂತ್ರದ ಮೇಲ್ಮೆ ಇನ್ನಷ್ಟು ಸ್ಥಿರಪಟ್ಟಿತು. ಹಳೆಯ ಹಾರಾಟದ ಕಂಪನಿಗಳಿಗೆ ಇದು ಪ್ರಿಯವಾದ ಸುದ್ದಿಯಾಗಿರಲಾರದು; ಸಂಘದೊಳಗೆ ಎರಡೂ ಬಗೆಯವರಿಗೂ ಸ್ಥಾನವಿದ್ದುದರಿಂದ ಈ ಸ್ಥಿತ್ಯಂತರವು ಮೆಲ್ಲಗೆ ನಡೆಯಿತು.

2015–2022: ಹೊಸ ಸ್ಥಿತಿ

ಬ್ಯಾಟರಿಯಿಂದ ಹಾರುವ, ನಾಲ್ಕಾರು ರೋಟರುಗಳ ಅಗ್ಗದ ಡ್ರೋನುಗಳು ಬಂದಮೇಲೆ ವಿಷಯವು ಕೃಷಿಖಾತೆಯ ಎಲ್ಲೆಯನ್ನು ಮೀರಿತು. ತಿದ್ದುಪಡಿಗೊಂಡು 2015ರ ಡಿಸೆಂಬರಿನಲ್ಲಿ ಜಾರಿಗೆ ಬಂದ ವಿಮಾನಯಾನ ಕಾಯಿದೆಯು ಮಾನವರಹಿತ ಯಂತ್ರಗಳನ್ನು ತನ್ನ ಅಧೀನಕ್ಕೆ ತಂದುಕೊಂಡಿತು. 2019ರಲ್ಲಿ ಸಚಿವಾಲಯವು ಸಂಘದ ಅರ್ಹತಾಪತ್ರಕ್ಕೆ ಆಧಾರವಾಗಿದ್ದ ಮಾರ್ಗಸೂಚಿಯನ್ನು ಹಿಂತೆಗೆದುಕೊಂಡಿತು. 2022ರ ಡಿಸೆಂಬರಿನಿಂದ ರಾಷ್ಟ್ರೀಯ ಪರವಾನಗಿಯ ಪದ್ಧತಿ ಆರಂಭವಾಯಿತು. ಅರುವತ್ತು ತುಂಬುವ ಹೊತ್ತಿಗೆ ಸಂಸ್ಥೆಯ ಹಳೆಯ ಏಕಾಧಿಪತ್ಯವು ಮುಗಿದುದನ್ನು ಸಂಘದ ಹಿತೈಷಿಗಳು ಹಿನ್ನಡೆಯೆಂದು ಭಾವಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಸರ್ಕಾರದ ಪರವಾನಗಿಯು ಹಾರಲು ಬಲ್ಲವನೇ ಎಂದು ನೋಡುತ್ತದೆಯೇ ಹೊರತು, ಯಾವ ಹನಿ ಎಷ್ಟು ದೂರ ತೇಲುವುದೆಂದು ಬಲ್ಲವನೇ ಎಂದು ನೋಡುವುದಿಲ್ಲ. ಆ ಎರಡನೆಯ ಪ್ರಶ್ನೆ ಉಯೆದಾದವರಿಗೆ ಇನ್ನೂ ಉಳಿದೇ ಇದೆ.

ನಮ್ಮ ಮಲೆನಾಡಿಗೆ ಈ ಪ್ರಶ್ನೆಯ ಸ್ವರೂಪವೇ ಬೇರೆ. ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ಅಡಕೆಯ ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ಬಳಕೆಯನ್ನು ಬೋಧಿಸಿ ನೂರು ವರ್ಷಗಳ ಮೇಲಾಯಿತು; ಮದ್ದು ಅದೇ ಇದೆ, ಮರ ಹತ್ತುವ ಕೊನೆಗಾರರು ವರ್ಷವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಡ್ರೋನು ಮೇಲಿನಿಂದ ಹಾಕಿದ ಮದ್ದು ಸೋಗೆಯ ಮೇಲೆ ನಿಲ್ಲುವುದು. ಕೊಳೆ ಹತ್ತುವುದು ಸೋಗೆಯ ಕೆಳಗಣ ಗೊನೆಗೆ. ಜಡಿಮಳೆಯ ನಡುವೆ ಸಿಗುವ ಬಿಡುವಿನ ಕೆಲವು ಗಂಟೆಗಳಲ್ಲಿ ಎಲ್ಲ ತೋಟಗಳಿಗೂ ಮದ್ದನ್ನು ತಲಪಿಸುವ ಸರದಿಯನ್ನು, ನನಗೆ ತಿಳಿದಂತೆ, ಯಾವ ಸಹಕಾರ ಸಂಘವೂ ಇನ್ನೂ ಹೆಣೆದಿಲ್ಲ.